ಬಲೆಗೂ ಕಣ್ಣಿದೆ, ಆದ್ರೆ...

ಕಳೆದ ಸಲ ಊರಿಗೆ ಹೋದಾಗ ಮಾವನ ಜೊತೆ ಮಲ್ಪೆ ಬಂದರಿಗೆ ಹೋಗಿದ್ದೆ. ಟ್ರಾಲ್ ಬೋಟಿನಿಂದ ಮೀನು ಇಳಿಸ್ತಾ ಇದ್ರು. ಒಂದು ಕಡೆ ದೊಡ್ಡ ರಾಶಿ. ಹತ್ತಿರ ಹೋಗಿ ನೋಡಿದ್ರೆ ಬೆರಳುದ್ದದ ಮದ್ಮಲ್ ಮರಿಗಳು! ತಿನ್ನೋದಕ್ಕಲ್ಲ, ಫಿಶ್‌ಮೀಲ್ ಫ್ಯಾಕ್ಟರಿಗೆ.

ಕೇರಳದಲ್ಲಿ 2015ರಲ್ಲೇ ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದನ್ನು ಹಿಡಿಯಬಾರದು ಅಂತ ಆದೇಶ ಮಾಡಿದ್ರು. ಒಳ್ಳೆಯದೇ. ಆದ್ರೆ ದಕ್ಕೆಯಲ್ಲಿ ಸ್ಕೇಲ್ ಹಿಡಿದು ಅಳೆಯೋ ಹೊತ್ತಿಗೆ ಮೀನು ಸತ್ತಾಗಿರುತ್ತೆ. ಚಿಕ್ಕದು ಅಂತ ವಾಪಸ್ ಸಮುದ್ರಕ್ಕೆ ಎಸೆದರೆ ಯಾರಿಗೆ ಲಾಭ? ಆರಿಸೋ ಕೆಲಸ ನೀರಿನೊಳಗೇ ಆಗಬೇಕು, ಅಂದ್ರೆ ಬಲೆಯೇ ಆರಿಸಬೇಕು.

ಟ್ರಾಲ್ ಬಲೆಯ ಕೊನೆಯಲ್ಲಿ ಮೀನು ಸೇರೋ ಚೀಲ ಇರುತ್ತಲ್ಲ, ಅದರ ಕಣ್ಣುಗಳು ಸಾಮಾನ್ಯವಾಗಿ ಡೈಮಂಡ್ ಆಕಾರ. ಬೋಟು ಎಳೆದ ಹಾಗೆ ಅವು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ತವೆ. ಕಣ್ಣು ದೊಡ್ಡದು ಮಾಡಿದ್ರೂ ಪೂರ್ತಿ ಉಪಯೋಗ ಸಿಗಲ್ಲ. ಅದೇ ಬಲೆಯನ್ನು ಓರೆಯಾಗಿ ಕತ್ತರಿಸಿ ತಿರುಗಿಸಿ ಜೋಡಿಸಿದರೆ ಕಣ್ಣು ಚೌಕ ಆಗುತ್ತೆ. ಎಳೆತವನ್ನೆಲ್ಲ ಉದ್ದದ ದಾರಗಳು ತಗೊಳ್ತವೆ, ಕಣ್ಣು ತೆರೆದೇ ಇರುತ್ತೆ, ಮರಿಗಳು ನುಸುಳಿ ಪಾರಾಗ್ತವೆ. ಅಷ್ಟೇ! ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದನ್ನು ಎಷ್ಟೋ ವರ್ಷದಿಂದ ಹೇಳ್ತಾ ಬಂದಿದ್ದಾರೆ. (ಎಲ್ಲಾ ಮೀನಿಗೂ ಇದೇ ಮದ್ದಲ್ಲ. ನಂಗ್ ತರದ ಚಪ್ಪಟೆ ಮೀನಿಗೆ ಡೈಮಂಡ್ ಕಣ್ಣೇ ಸಲೀಸು.)

ಮಾವನಿಗೆ ಇದನ್ನೆಲ್ಲ ಹೇಳಿದೆ. "ಬೆಂಗಳೂರಲ್ಲಿ ಕೂತು ಹೇಳ್ಲಿಕ್ಕೆ ಸುಲಭ ಮಾರಾಯ. ನಾನು ಬಿಟ್ಟ ಮೀನನ್ನು ಹಿಂದಿನ ಬೋಟಿನವ ಹಿಡೀತಾನೆ. ಡೀಸೆಲಿಗೆ ದುಡ್ಡು ನೀನು ಕೊಡ್ತೀಯಾ?" ಅಂದ್ರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬರೇ ಬದಲಾಯಿಸಿದ್ರೆ ನಷ್ಟ ಅವರೊಬ್ಬರಿಗೇ, ನಿಜ. ಅದಕ್ಕೇ ನಾನು ಹೇಳೋದು, ಎಲ್ಲರದ್ದೂ ಒಂದೇ ಸಲ ಬದಲಾಗಬೇಕು. ಅದಕ್ಕೆ ಸಮಯವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆಗಳೆಲ್ಲ ದಡದಲ್ಲೇ ರಿಪೇರಿಗೆ ಬಿದ್ದಿರ್ತವೆ. ನಡುಸಮುದ್ರದಲ್ಲಿ ಬೋಟು ಅಟ್ಟಿಸಿಕೊಂಡು ಹೋಗೋ ಬದಲು ಆಗಲೇ ಚೀಲ ನೋಡಿ, ಬದಲಾಯಿಸೋ ಖರ್ಚಿಗೆ ಸರಕಾರ ಕೈ ಸೇರಿಸಬಾರದಾ? ಫಿಶ್‌ಮೀಲ್‌ನವರು ಮರಿಗೂ ದುಡ್ಡು ಕೊಡೋವರೆಗೆ ಇದೂ ಅರ್ಧ ಕೆಲಸವೇ ಅನ್ನಿ.

ಬರೋ ಜೂನ್‌ನಲ್ಲಿ ಹೊಸ ಚೀಲದ ಖರ್ಚು ನನ್ನದು ಅಂತ ಮಾವನಿಗೆ ಹೇಳಿ ಬಂದಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ.