ಅಮ್ಮನ ಪರೀಕ್ಷೆ ಯಾವ ಭಾಷೆಯಲ್ಲಿ?

ಮುಂಬಯಿಗೆ ಬಂದು ಮೂವತ್ತೊಂದು ವರ್ಷ ಆಯ್ತು. ಬ್ಯಾಂಕಿನಲ್ಲಿ ಕೂತು ದಿನಾ ಊರವರ ಸಹಿ ತಾಳೆ ನೋಡುವ ನನಗೆ ಮನೆಯಲ್ಲೇ ಅಮ್ಮನ ಸಹಿ ಕೆಟ್ಟಿದ್ದು ಮಾತ್ರ ತಡವಾಗಿ ಕಂಡಿತು. ಪಿಂಚಣಿ ತೆಗೆಯುವ ಚೀಟಿಯ ಮೇಲೆ ಅರ್ಧ ಹೆಸರು ಬರೆದು ನಿಲ್ಲಿಸಿಬಿಟ್ಟಿದ್ದಳು. "ಅರವತ್ತಕ್ಕೇ ಅರಳು ಮರಳು ಅಂತಾರೆ, ಇವರಿಗೆ ಎಪ್ಪತ್ತೆಂಟು" ಅಂತ ನೆಂಟರು ಸಮಾಧಾನ ಹೇಳಿದರು. ನಾನು ಮೆಮೊರಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಕ್ಲಿನಿಕ್ ಅಂದರೆ ದೊಡ್ಡ ಆಸ್ಪತ್ರೆಯೊಂದರ ಮೂಲೆಯ ಕೋಣೆ. ವಾರಕ್ಕೊಂದು ಮಧ್ಯಾಹ್ನ, ಒಬ್ಬರು ಡಾಕ್ಟರು, ಪ್ರಶ್ನೆ ಕೇಳಲು ಒಬ್ಬ ಹುಡುಗಿ. ಇವತ್ತು ತಾರೀಖು ಎಷ್ಟು ಅಂತ ಹಿಂದಿಯಲ್ಲಿ ಕೇಳಿದಳು. ಅಮ್ಮ ನನ್ನ ಕಡೆ ತಿರುಗಿ "ಇವತ್ತ ಏಕಾದಶಿ ಅಲ್ಲೇನಪಾ, ಆಕಿಗೆ ಹೇಳ" ಅಂದಳು. ಸ್ವಾಮೀ, ಅವತ್ತು ಏಕಾದಶಿಯೇ! ಹುಡುಗಿ ಸೊನ್ನೆ ಹಾಕಿದಳು. ಕೊನೆಗೆ ಮೂವತ್ತಕ್ಕೆ ಹದಿಮೂರು.

ಆ ಹದಿಮೂರನ್ನು ನಂಬಿ ಆರು ತಿಂಗಳು ಅಮ್ಮನನ್ನು ಗ್ಯಾಸಿನ ಹತ್ತಿರ ಬಿಡಲಿಲ್ಲ, ಪಾಸ್‌ಬುಕ್ ಕಸಿದುಕೊಂಡೆವು. ಆಮೇಲೆ ಬೆಂಗಳೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆ ಒಂದು ಗಂಟೆ ಕೂತು ಕನ್ನಡದಲ್ಲಿ ಕೇಳಿದರು. ಕಾಯಿಲೆ ಇತ್ತು, ನಿಜ. ಆದರೆ ಆರಂಭದ್ದು. ಜೊತೆಗೆ ಬಿ12 ಕೊರತೆ. ಅದನ್ನು ಇಲ್ಲಿ ಯಾರೂ ನೋಡಿರಲೇ ಇಲ್ಲ.

ನಾನು ಬಿಕಾಂ ಓದಿದವನು, ವೈದ್ಯನಲ್ಲ. ಆದರೂ ಇಷ್ಟು ಅರ್ಥವಾಗುತ್ತದೆ: ರಕ್ತಕ್ಕೆ ಭಾಷೆ ಇಲ್ಲ, ಸ್ಕ್ಯಾನಿಗೂ ಇಲ್ಲ, ನೆನಪಿನ ಪರೀಕ್ಷೆಗೆ ಭಾಷೆಯೇ ಜೀವ. ತಡವಾಗಿ ಕಲಿತ ಭಾಷೆ ಈ ಕಾಯಿಲೆಯಲ್ಲಿ ಮೊದಲು ಜಾರುವುದೂ ಉಂಟು. ಆದ್ದರಿಂದ ಒಬ್ಬ ನರರೋಗ ತಜ್ಞರು ಮತ್ತು ಒಂದು ಬೋರ್ಡು ಸೇರಿದರೆ ಕ್ಲಿನಿಕ್ ಆಗುವುದಿಲ್ಲ. ರೋಗಿಯ ಮಾತು ಬಲ್ಲ ಮನಶ್ಶಾಸ್ತ್ರಜ್ಞರು, ದಾದಿ, ಮನೆಯವರಿಗೆ ದಾರಿ ಹೇಳುವ ಸಮಾಜ ಕಾರ್ಯಕರ್ತರು, ಎಲ್ಲರೂ ಬೇಕು.

ಕನ್ನಡದಲ್ಲಿ ಪರೀಕ್ಷೆಯೇ ಇಲ್ಲ ಅನ್ನುವ ಹಾಗೂ ಇಲ್ಲ. ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳ ಗಂಟು ಹಿಂದಿ, ಬಂಗಾಳಿ, ತೆಲುಗು, ಮಲಯಾಳದ ಜೊತೆ ಕನ್ನಡದಲ್ಲೂ ಇದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಮೆಮೊರಿ ಕ್ಲಿನಿಕ್ಕಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ರೋಗಿಯ ಭಾಷೆ ಕೇಳಿ ಬರೆದುಕೊಂಡಿದ್ದಕ್ಕೇ ತಾನೆ ಅದು ಗೊತ್ತಾಗಿದ್ದು?

2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆ. ಇವರನ್ನೆಲ್ಲ ನಾಲ್ಕಾರು ಮಹಾನಗರಗಳ ಕೋಣೆಗಳಿಗೆ ಅಟ್ಟುವುದೇ ನಮ್ಮ ವ್ಯವಸ್ಥೆಯೇ? 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ವೃದ್ಧರ ಹೊರರೋಗಿ ವಿಭಾಗವನ್ನೂ ಹತ್ತು ಹಾಸಿಗೆಯನ್ನೂ ಹೇಳಿದ್ದಾರೆ. ನೆನಪಿನ ಪರೀಕ್ಷೆ ಅಲ್ಲೇ ಆಗಲಿ. ತರಬೇತಾದ ದಾದಿ ಶುರು ಮಾಡಲಿ, ತೊಡಕಿನವರನ್ನಷ್ಟೇ ತಜ್ಞರ ಹತ್ತಿರ ಕಳಿಸಲಿ.

"ಮುಂಬಯಿಯ ಪ್ರತಿ ಕ್ಲಿನಿಕ್ಕಿಗೂ ಒಬ್ಬ ಕನ್ನಡಿಗನನ್ನು ಇಡಬೇಕೇನ್ರೀ?" ಅಂತ ನನ್ನ ಸಹೋದ್ಯೋಗಿ ನಕ್ಕರು. ಬೇಡಪ್ಪ. ಧಾರವಾಡದ ಶಾಖೆಯ ಖಾತೆಯಿಂದ ಮುಲುಂಡಿನಲ್ಲಿ ದುಡ್ಡು ತೆಗೆಯಬಹುದು. ಕೋರ್ ಬ್ಯಾಂಕಿಂಗ್ ಬಂದಾಗ ನಾವೇ ರಾತ್ರಿಯೆಲ್ಲಾ ಕೂತು ಜೋಡಿಸಿದ್ದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ 14416ಕ್ಕೆ ಫೋನು ಮಾಡಿದರೆ 20 ಭಾಷೆಗಳಲ್ಲಿ ಮಾತಾಡುವವರು ಸಿಗುವಂತೆ ಏರ್ಪಾಡು ಮಾಡಿದ್ದಾರೆ. ಹಾಗಾದರೆ ಧಾರವಾಡದ ಮನಶ್ಶಾಸ್ತ್ರಜ್ಞರು ವೀಡಿಯೋದಲ್ಲಿ ಮುಂಬಯಿಯ ಅಜ್ಜಿಯ ಜೊತೆ ಒಂದು ಗಂಟೆ ಮಾತಾಡಲು ಏನು ಅಡ್ಡಿ? ಮನಸ್ಸಿಲ್ಲ, ಅಷ್ಟೇ.

ಊರು ಬಿಟ್ಟ ನಾವು ವಯಸ್ಸಾದ ಮೇಲೆ ತಂದೆತಾಯಿಯನ್ನು ಇಲ್ಲಿಗೆ ಕರೆತರುತ್ತೇವೆ. ಅವರನ್ನು ಕ್ಲಿನಿಕ್ಕಿಗೆ ಕರೆದೊಯ್ದಾಗ ಮೊದಲ ಪ್ರಶ್ನೆ ನೀವೇ ಕೇಳಿ: ಪರೀಕ್ಷೆ ಯಾವ ಭಾಷೆಯಲ್ಲಿ? ಬಿ12, ಥೈರಾಯ್ಡ್ ನೋಡುತ್ತೀರಾ? ಆಮೇಲೆ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಹೇಳುವವರು ಯಾರು? ಉತ್ತರ ಬರದಿದ್ದರೆ ಅವರು ಕೊಟ್ಟ ಅಂಕವನ್ನು ನಂಬಿ ಗ್ಯಾಸಿನ ಕೀಲಿ ತಿರುಗಿಸಬೇಡಿ.

ಈಗ ಅಮ್ಮ ಬೆಳಗಿನ ಚಹಾ ತಾನೇ ಮಾಡುತ್ತಾಳೆ, ಪಕ್ಕದಲ್ಲಿ ನನ್ನ ಹೆಂಡತಿ ನಿಂತಿರುತ್ತಾಳೆ. ಕೆಲವು ದಿನ ಸಕ್ಕರೆ ಎರಡು ಸಲ ಬೀಳುತ್ತದೆ. ಕುಡಿಯುತ್ತೇನೆ.