ಹತ್ತೋ, ಮೂವತ್ತೆರಡೋ?

ಹಳೆಯ ಹೆದ್ದಾರಿ ಹಿಡಿದು ತೊಣ್ಣೂರು ಕೆರೆ ನೋಡಲು ಹೊರಟ ಬೆಂಗಳೂರಿನವರು ಮದ್ದೂರು ಬಳಿಯ ಶಿವಪುರದ ಸತ್ಯಾಗ್ರಹ ಸೌಧವನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. 1938ರ ಏಪ್ರಿಲ್ 11ರಂದು ಅಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಏರಿತು. ನಾಯಕರು ಜೈಲಿಗೆ ಹೋದರು, ಗುಂಡು ಹಾರಲಿಲ್ಲ.

ಗುಂಡು ಹಾರಿದ್ದು ಅದೇ ತಿಂಗಳ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ. ಅದೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಹಾರಿಸಿದ್ದು. ಸತ್ತವರು 10 ಎಂದಿತು ಸರಕಾರ. 32 ಎಂದರು ಜನ. ಅಲ್ಲಿನ ಸ್ಮಾರಕ ಜನರ ಲೆಕ್ಕವನ್ನೇ ಹಿಡಿದಿದೆ. ಉಳಿದ 22 ಮನೆಗಳ ದುಃಖ ಕಡತಕ್ಕೆ ಸೇರಲೇ ಇಲ್ಲ.

ಈಗ ಅಲ್ಲಿಗೆ ಬರುವವರಲ್ಲಿ ಬಹಳ ಮಂದಿ ನಾಗಪ್ಪನಿಗೆ ಹರಕೆ ಹೊತ್ತವರು. ಸಾಲುಸಾಲು ನಾಗರಕಲ್ಲುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹಾಲೆರೆದು, ಮಕ್ಕಳಿಗೆ ಕಡಲೆಪುರಿ ಕೊಡಿಸಿ ಬಸ್ಸು ಹತ್ತುತ್ತಾರೆ. ಹತ್ತಿರದಲ್ಲೇ ಇರುವ ವೀರಸೌಧದತ್ತ ತಿರುಗುವವರು ಕಡಿಮೆ. ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂದು ಅದನ್ನು ಹೊಗಳುವುದುಂಟು. ಊರಿಗೆ ತನ್ನದೇ ಹೆಸರಿರುವಾಗ ಈ ಎರವಲು ಬಿರುದೇಕೋ!

ಗೋಲಿಬಾರಿನ ಬಳಿಕ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಆಗ 1938ರ ಮೇ ತಿಂಗಳು.