ನೀರು ಇಳಿದ ಮೇಲೆ ಬನ್ನಿ

ನೀವು ಕಲ್ಲು ಮನಸ್ಸಿನವರಲ್ಲ. 2018ರ ಆಗಸ್ಟಿನಲ್ಲಿ ಕೇರಳದ ಪೆರಿಯಾರ್ ನದಿ ಉಕ್ಕಿ ಆಲುವಾ, ಪರವೂರು, ಏಲೂರುಗಳ ಮನೆಗಳಿಗೆ ನುಗ್ಗಿದಾಗ ನೀವು ನಿದ್ದೆಗೆಟ್ಟು ಟೀವಿಯ ಮುಂದೆ ಕೂತಿರಿ. ತಾರಸಿಯ ಮೇಲೆ ನಿಂತು ಕೈಬೀಸುವ ತಾಯಂದಿರನ್ನು ಕಂಡು ನಿಮ್ಮ ಕಣ್ಣು ತುಂಬಿತು. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಅಕ್ಕಿ, ಚಾಪೆ, ಹೊದಿಕೆ, ನೀರಿನ ಬಾಟಲಿ ತುಂಬಿದ ಲಾರಿಗಳು ಹೊರಟಾಗ ಅವುಗಳಲ್ಲಿ ನಿಮ್ಮದೂ ಒಂದು ಮೂಟೆ ಇತ್ತು. ಅದೇ ವಾರ ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಗುಡ್ಡ ಜರಿದಾಗಲೂ ಓಡಿದಿರಿ. ಆ ಓಟಕ್ಕೆ ಕೈಮುಗಿದೇ ಈ ಮಾತು ಆಡುತ್ತಿದ್ದೇನೆ. ನಾನು ಕೇಳಬೇಕೆಂದಿರುವುದು ಮರುವಾರದ ವಿಷಯ. ನೀರು ಇಳಿಯಿತು, ಕ್ಯಾಮೆರಾಗಳು ಹೊರಟುಹೋದವು, ಲಾರಿಗಳು ನಿಂತವು. ಆಮೇಲೆ ನೀವು ಎಲ್ಲಿ ಹೋದಿರಿ?

ಮೊದಲು ಆ ಕೆಲವು ದಿನಗಳನ್ನು ನೆನೆಯೋಣ, ಯಾಕೆಂದರೆ ಮನುಷ್ಯರ ಮೇಲೆ ನಂಬಿಕೆ ಮರಳಿಸಿದ ದಿನಗಳವು. ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಗೇಟು 26 ವರ್ಷಗಳ ನಂತರ ಆಗಸ್ಟ್ 9ರಂದು ತೆರೆದಿತ್ತು. 15ರ ಹೊತ್ತಿಗೆ ಕೊಚ್ಚಿಯ ವಿಮಾನ ನಿಲ್ದಾಣದೊಳಗೂ ಪೆರಿಯಾರಿನ ನೀರು. ಆಗ ತಿರುವನಂತಪುರದ ಕಡಲ ದಂಡೆಯಿಂದ ಬೆಸ್ತರು ಹೊರಟರು, ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು, ಎಂದೂ ಕಾಣದ ಒಳನಾಡಿನ ಬೀದಿಗಳಲ್ಲಿ ಹುಟ್ಟುಹಾಕಲು. ವಿಳಿಂಜಂ, ಪೂಂತುರದಂಥ ಊರುಗಳವರು ಅವರು. ಒಂಬತ್ತೇ ತಿಂಗಳ ಹಿಂದೆ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಅದೇ ದಂಡೆಯ ಗಂಡಸರನ್ನು ಕಡಲಿನಿಂದ ಮರಳಗೊಟ್ಟಿರಲಿಲ್ಲ. ನೆರವು ತಡವಾಯಿತೆಂದು ಅಲ್ಲಿನ ಹೆಂಗಸರು ಚರ್ಚಿನ ಅಂಗಳದಲ್ಲಿ ಎದೆ ಬಡಿದುಕೊಂಡು ಅತ್ತಿದ್ದರು. ಆ ಸೂತಕದ ಮನೆಗಳವರೇ ಬಂದರು. ಕೇರಳದ ಕರಾವಳಿಯುದ್ದಕ್ಕೂ ಹೀಗೆ ಬಂದ ದೋಣಿಗಳು 669, ಅವು ದಡ ಸೇರಿಸಿದ ಜೀವಗಳು ಸುಮಾರು 65,000. ತಮಗೆ ಹೊತ್ತಿಗೆ ಬಾರದಿದ್ದ ನೆರವನ್ನು ಬೇರೆಯವರಿಗೆ ಒಯ್ದು ಕೊಟ್ಟವರು ಅವರು. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಆದರೆ ದೋಣಿಯಿಂದ ಇಳಿದ ಆ ಜನ ಶಿಬಿರದಲ್ಲಿ ಎಷ್ಟು ದಿನ ಇರಬಲ್ಲರು? ಆ ವರ್ಷ ಓಣಂ ಹಬ್ಬ ಶಾಲೆಗಳ ಬೆಂಚುಗಳ ನಡುವೆ ಕಳೆಯಿತು. ಹಬ್ಬ ಮುಗಿಯುತ್ತಲೇ ಎಲ್ಲರೂ ಮನೆಯ ಕಡೆ ನಡೆದರು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿ.

ನೀರು ಇಳಿದ ಮನೆಯ ಬಾಗಿಲು ತೆರೆಯುವುದೇ ಒಂದು ಕೆಲಸ. ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ, ಇಬ್ಬರು ಹೆಗಲು ಕೊಟ್ಟು ನೂಕಬೇಕು. ಒಳಗೆ ಕಣಕಾಲು ಹೂಳುವಷ್ಟು ಕೆಸರು. ಅದರಲ್ಲಿ ಮಗುಚಿಬಿದ್ದ ಫ್ರಿಜ್ಜು, ನೀರು ಕುಡಿದು ನಾಲ್ವರು ಎತ್ತಿದರೂ ಏಳದ ಹತ್ತಿಯ ಹಾಸಿಗೆ, ಕಪಾಟಿನ ಹಿಂದೆ ಸುರುಳಿ ಸುತ್ತಿದ ಹಾವು. ಕೆಸರನ್ನು ಹಸಿಯಿರುವಾಗಲೇ ತೆಗೆಯಬೇಕು, ಬಿಸಿಲಿಗೆ ಬಿಟ್ಟರೆ ಗಾರೆಯ ಹಾಗೆ ನೆಲಕ್ಕೆ ಹಿಡಿಯುತ್ತದೆ. ಸಲಿಕೆಯಲ್ಲಿ ಬಾಚಿ, ಬಾಂಡ್ಲಿಯಲ್ಲಿ ತುಂಬಿ, ಹೊರಗೆ ಸುರಿದು, ಗೋಡೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ ನೆಲ ಉಜ್ಜಿ, ಬಾವಿಯ ನೀರನ್ನು ನಿಧಾನವಾಗಿ ಎತ್ತಿ ಚೆಲ್ಲಿ, ಊರಿದ ಹೊಸ ನೀರಿಗೆ ಕ್ಲೋರಿನ್ ಬೆರೆಸಿ ಮುಗಿಸುವಷ್ಟರಲ್ಲಿ ಐದಾರು ಗಟ್ಟಿ ಆಳುಗಳಿಗೂ ಹೊತ್ತು ಮುಳುಗಿರುತ್ತದೆ. ಅಂಗಳದ ಹಗ್ಗದ ಮೇಲೆ ಬಟ್ಟೆಯ ಜಾಗದಲ್ಲಿ ರೇಷನ್ ಕಾರ್ಡು, ಜಮೀನಿನ ಪತ್ರ, ಮಗಳ ಹತ್ತನೇ ತರಗತಿಯ ಅಂಕಪಟ್ಟಿ ಕ್ಲಿಪ್ಪು ಹಾಕಿಸಿಕೊಂಡು ಒಣಗುತ್ತಿರುತ್ತವೆ. ಮಕ್ಕಳು ಗಲ್ಫಿನಲ್ಲಿದ್ದು, ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಯಲ್ಲಿ ಈ ಕೆಲಸಕ್ಕೆ ಯಾರು? ಮಂಚ ಹಿಡಿದ ಗಂಡನನ್ನು ನೋಡಿಕೊಳ್ಳುವ ಹೆಂಗಸು ಸಲಿಕೆ ಹಿಡಿಯುವುದು ಯಾವಾಗ?

ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ, ನೀರು ಇಳಿದ ಮೇಲೆ ಬನ್ನಿ.

ಏಲೂರಿಗೆ ಬನ್ನಿ. ಕೊಚ್ಚಿಯ ಮಗ್ಗುಲಲ್ಲಿ, ಪೆರಿಯಾರಿನ ಕವಲುಗಳ ನಡುವೆ ಇರುವ ದ್ವೀಪ ಅದು. ಅಲ್ಲಿನ ಉದ್ಯೋಗಮಂಡಲದಲ್ಲಿ 1940ರ ದಶಕದಲ್ಲಿ ಫ್ಯಾಕ್ಟ್ ಗೊಬ್ಬರ ಕಾರ್ಖಾನೆ ಎದ್ದಿತು, 1950ರ ದಶಕದಲ್ಲಿ ಡಿಡಿಟಿ ತಯಾರಿಸುತ್ತಿದ್ದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಬಂತು. ಇಂದು ಏಲೂರು ಮತ್ತು ಎದುರಿನ ಎಡೆಯಾರ್ ಸೇರಿದರೆ ಇನ್ನೂರಕ್ಕೂ ಮಿಕ್ಕಿ ಉದ್ಯಮಗಳು. ಊರಿನ ನಡುವೆ ಹರಿಯುವ ಕುಳಿಕ್ಕಂಡಂ ತೋಡಿನ ಕೆಸರಿನಲ್ಲಿ ಡಿಡಿಟಿಯಂಥ ವಿಷಗಳು ಪರೀಕ್ಷೆಯಲ್ಲಿ ಸಿಕ್ಕು ಎಷ್ಟೋ ವರ್ಷಗಳಾದವು. ಪ್ರವಾಹ ಬಂದಾಗ ನದಿ, ತೋಡು, ಅಂಗಳ, ಅಡುಗೆಮನೆ ಎಲ್ಲ ಒಂದೇ ನೀರು. ಬೇರೆ ಊರುಗಳಲ್ಲಿ ಕೆಸರೆಂದರೆ ಕೆಸರು. ಇಲ್ಲಿ ಬರಿಗೈಯಲ್ಲಿ ಕೆಸರು ಬಾಚುವ ತಾಯಿಗೆ ತನ್ನ ಕೈಯಲ್ಲಿರುವುದು ಏನೆಂದು ಹೇಳುವವರಿಲ್ಲ. ಬಾವಿಯ ನೀರು ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಒಯ್ಯಬಲ್ಲ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು, ವರದಿ ಓದಿ ಹೇಳಬಲ್ಲ ಒಬ್ಬ ವೈದ್ಯೆ, ಅರ್ಜಿ ಬರೆಯಬಲ್ಲ ಒಬ್ಬ ವಕೀಲ ಅಲ್ಲಿ ನೂರು ಮೂಟೆ ಅಕ್ಕಿಗಿಂತ ಹೆಚ್ಚು. 2024ರ ಮೇ ತಿಂಗಳಲ್ಲಿ ಪ್ರವಾಹವೇ ಇಲ್ಲದೆ ಇದೇ ಪೆರಿಯಾರಿನಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು, ಪಂಜರದಲ್ಲಿ ಮೀನು ಸಾಕಿದವರ ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಕೊಳೆಯಿತು. ಆಗ ಎಷ್ಟು ಲಾರಿ ಹೊರಟವು?

ಏಲೂರು ನಮಗೆ ದೂರದ ಊರೇನಲ್ಲ. ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಅಲ್ಲಿ ಎಂಡೋಸಲ್ಫಾನನ್ನೂ ತಯಾರಿಸುತ್ತಿತ್ತು. ಆ ಹೆಸರು ಕೇಳಿದರೆ ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಇಂದಿಗೂ ಮಾತು ನಿಲ್ಲುತ್ತದೆ. ಎಣ್ಮಕಜೆಯ ಪಡ್ರೆಯಲ್ಲಿ, ಗುಡ್ಡದ ಮೇಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕ ಕೆಳಗಿನ ನೀರಿನ ಸುರಂಗಗಳಿಗೆ, ತೋಡುಗಳಿಗೆ, ಬಸಿರಿಗೆ ಇಳಿಯಿತು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಅಲ್ಲಿ ತಾರಸಿ ಏರಿ ಯಾರೂ ಕೈಬೀಸಲಿಲ್ಲ, ಟೀವಿಯಲ್ಲಿ ತೋರಿಸುವಂಥ ಒಂದು ದಿನಾಂಕವೂ ಆ ವಿಪತ್ತಿಗೆ ಇರಲಿಲ್ಲ, ಅದಕ್ಕೇ ದೋಣಿಯೂ ಬರಲಿಲ್ಲ. ಬಂದವರು, ಅಲ್ಲ, ಅಲ್ಲೇ ಉಳಿದವರು ಕೆಲವರು. ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬಂದ ಕಾಯಿಲೆಗಳ ಲೆಕ್ಕ ಇಡುತ್ತ ಹೋದರು, ಪತ್ರಕರ್ತ ಶ್ರೀ ಪಡ್ರೆ ಬರೆಯುತ್ತ ಹೋದರು, ಯಾರೂ ಕಿವಿಗೊಡದ ವರ್ಷಗಳಲ್ಲಿ. ಮಲಗಿದಲ್ಲೇ ಬೆಳೆದ ಮಗನನ್ನು ಮೂವತ್ತು ವರ್ಷ ಎತ್ತಿ ಮೀಯಿಸಿದ ತಾಯಿಗೆ ಒಂದು ದಿನ, ಒಂದೇ ದಿನ ಬಿಡುವು ಕೊಡಲು ಯಾರಾದರೂ ಹೋಗಿ ಆ ಮಗನ ಪಕ್ಕ ಕೂತರೆ ಅದೂ ವಿಪತ್ತಿನ ಸೇವೆಯೇ.

ದನಿಯಿಲ್ಲದವರು ಇನ್ನೂ ಇದ್ದಾರೆ. ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದು ಏಲೂರು, ಎಡೆಯಾರ್, ಪೆರುಂಬಾವೂರುಗಳಲ್ಲಿ ದುಡಿಯುವ ಹುಡುಗರು ಒಂದು ಕೋಣೆಯಲ್ಲಿ ಎಂಟು ಜನ ಮಲಗುತ್ತಾರೆ. ಪ್ರವಾಹ ಅವರ ಕೋಣೆಗೂ ಬಂತು. ಕೇರಳ ಸರ್ಕಾರ ಸಂತ್ರಸ್ತ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿ ಕೊಟ್ಟಿತು, ಒಳ್ಳೆಯ ಕೆಲಸ. ಆದರೆ ರೇಷನ್ ಕಾರ್ಡು ಮುರ್ಷಿದಾಬಾದಿನಲ್ಲಿದ್ದವನು, ಬಾಡಿಗೆ ಕರಾರನ್ನು ಬಾಯಿಮಾತಿನಲ್ಲೇ ಮಾಡಿಕೊಂಡವನು, ಮಲಯಾಳಂ ಓದಲಾರದವನು ಯಾವ ಕಚೇರಿಯ ಕಿಟಕಿಯಲ್ಲಿ ಏನೆಂದು ಕೇಳಬೇಕು? ಬೆಂಗಳೂರಿನಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದವನೂ ಅವನ ತಮ್ಮನೇ ಇರಬಹುದು. ಹಿಂದಿಯೋ ಬಂಗಾಳಿಯೋ ಬಲ್ಲ ಒಬ್ಬರು ಅವನ ಜತೆ ಸಾಲಿನಲ್ಲಿ ನಿಂತರೆ ಅವನಿಗೆ ಅದೇ ದೋಣಿ.

ನೀರು ಇಳಿದ ಮೇಲೆ ಬನ್ನಿ ಎನ್ನುವುದು ಆಗದ ಮಾತಲ್ಲ, ಬಂದವರಿದ್ದಾರೆ. 2018ರ ಆ ಮಳೆಗಾಲದ ನಂತರ ಐಟಿಐ ಹುಡುಗರು ಮನೆಮನೆ ಹತ್ತಿ ವೈರಿಂಗ್, ಕೊಳಾಯಿ ಸರಿಮಾಡಿಕೊಟ್ಟರು. ಕುಡುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು, ತಮ್ಮ ಮನೆಯೂ ನೆಂದಿದ್ದವರು, ಪೊರಕೆ ಹಿಡಿದು ಬೇರೆಯವರ ಮನೆ ತೊಳೆದರು. ಇಲಿಜ್ವರ ಹಬ್ಬಿ ಜೀವಗಳು ಹೋದಾಗ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಕೊಂಡೇ ಕೆಸರಿಗೆ ಇಳಿದರು. ಏಲೂರಿನಿಂದ ಹೆಚ್ಚು ದೂರವಿಲ್ಲದ ಚೇಂದಮಂಗಲಂನಲ್ಲಿ ಓಣಂ ಮಾರಾಟಕ್ಕೆಂದು ನೇಯ್ದಿಟ್ಟ ಕೈಮಗ್ಗದ ಸೀರೆಗಳೆಲ್ಲ ಕೆಸರಾಗಿದ್ದವು. ಕೆಲವರು ಅವನ್ನು ಒಗೆದು, ಕತ್ತರಿಸಿ, ಚೇಕುಟ್ಟಿ ಎಂಬ ಪುಟ್ಟ ಬೊಂಬೆ ಮಾಡುವ ದಾರಿ ಕಂಡುಕೊಂಡರು. ಊರೂರುಗಳಲ್ಲಿ ಸ್ವಯಂಸೇವಕರು ಕೂತು ಬೊಂಬೆ ಕಟ್ಟಿದರು, ದುಡ್ಡು ನೇಕಾರರಿಗೆ ಹೋಯಿತು. ಸುಡಬೇಕಾಗಿದ್ದ ಸೀರೆ ಮಗ್ಗವನ್ನು ಮತ್ತೆ ಆಡಿಸಿತು. ಇದು ಹರಕು ಬಟ್ಟೆಯ ಮೂಟೆ ಕಳಿಸಿ ಮನೆಯ ಕಪಾಟು ಖಾಲಿ ಮಾಡಿಕೊಳ್ಳುವಂಥ ಸುಲಭದ ಸೇವೆಯಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ್ದು.

ಚೇತರಿಕೆಗೆ ಎಷ್ಟು ಕಾಲ ಬೇಕೆಂದು ಕೊಡಗಿನವರನ್ನು ಕೇಳಿ. 2018ರ ಆಗಸ್ಟಿನಲ್ಲಿ ಮನೆ ಕಳೆದುಕೊಂಡ ನೂರಾರು ಕುಟುಂಬಗಳಿಗೆ ಜಂಬೂರು, ಮದೆನಾಡುಗಳ ಹೊಸ ಮನೆಯ ಕೀಲಿಕೈ ಸಿಕ್ಕಿದ್ದು 2020ರ ಜೂನಿನಲ್ಲಿ. ನಡುವಿನ ಸುಮಾರು ಎರಡು ವರ್ಷ, ಪ್ರತಿ ಗುಡುಗಿಗೂ ಬೆಚ್ಚಿ ಏಳುವ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡವರು ಬಾಡಿಗೆ ಮನೆಗಳಲ್ಲಿ, ನೆಂಟರ ಜಗಲಿಗಳಲ್ಲಿ ಕಾದರು. ಆ ಎರಡು ವರ್ಷ ಅವರ ಬಾಗಿಲು ತಟ್ಟಿ ಮಕ್ಕಳ ಓದು ಹೇಗಿದೆ, ಕಾಫಿ ತೋಟದ ಕೂಲಿ ಸಿಕ್ಕಿತೇ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಮುಂದಿನ ಮಳೆಗಾಲ ಬಂದೇ ಬರುತ್ತದೆ. ಈಗಲೇ ಒಂದು ವಾರದ ರಜೆ ಬರೆದಿಡಿ, ಮಳೆಯ ದಿನಗಳಿಗಲ್ಲ, ಮಳೆ ನಿಂತ ಮೇಲಿನ ದಿನಗಳಿಗೆ. ತರಬೇತಿ ಬೇಕಾದರೆ ಆಪದಾ ಮಿತ್ರದಂಥ ಯೋಜನೆಗಳ ಬಗ್ಗೆ ನಿಮ್ಮ ಜಿಲ್ಲಾಡಳಿತದಲ್ಲಿ ವಿಚಾರಿಸಿ. ಕೇರಳದಲ್ಲಿರುವ ಕನ್ನಡಿಗರೇ, ನೂರು ಜನರಿಗೊಬ್ಬ ಸ್ವಯಂಸೇವಕ ಬೇಕೆಂದು 2020ರಲ್ಲಿ ಅಲ್ಲಿನ ಸರ್ಕಾರ ಸನ್ನದ್ಧ ಸೇನೆ ಕಟ್ಟಲು ಹೊರಟಿತು, ಅದರಲ್ಲಿ ಹೆಸರು ಬರೆಸಿ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಆಲುವಾ, ಅಲ್ಲಿಂದ ಏಲೂರು ಪಕ್ಕದಲ್ಲೇ. ಊರೆಲ್ಲ ಸುತ್ತಿ ಫೋಟೊ ತೆಗೆಯುವ ಬದಲು ಒಂದೇ ಮನೆ ಹಿಡಿಯಿರಿ, ಅಲ್ಲಿ ಒಲೆ ಹೊತ್ತುವ ತನಕ ಬಿಡಬೇಡಿ, ಮೂರು ತಿಂಗಳ ಮೇಲೆ ಮತ್ತೊಮ್ಮೆ ಹೋಗಿ. ಗಂಬೂಟು, ದಪ್ಪ ರಬ್ಬರಿನ ಕೈಗವಸು ತನ್ನಿ, ಇಲಿಜ್ವರ ತಡೆಯುವ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಊಟ ವಸತಿ ನೀವೇ ನೋಡಿಕೊಳ್ಳಿ, ಅಲ್ಲಿನ ವಾರ್ಡ್ ಸದಸ್ಯರಿಗೆ ಮುಂಚಿತವಾಗಿ ಫೋನ್ ಮಾಡಿ ಯಾವ ಮನೆಗೆ ಇನ್ನೂ ಯಾರೂ ಹೋಗಿಲ್ಲ ಎಂದು ಕೇಳಿ, ಆ ಮನೆಗೇ ಹೋಗಿ.